ಅಳತೆಗಿಂತ ಒಂದು ಹಿಡಿ ಹೆಚ್ಚು

ನಾನು ಒಂದು ಸಾಸಿವೆ ಗಂಟು. ಗಂಟು ಎಂದೊಡನೆ ದುಡ್ಡಿನ ಗಂಟು ನೆನಪಾಗಿ ನೀವು ಕಿವಿ ನಿಮಿರಿಸಿದರೆ ಅದು ನನ್ನ ತಪ್ಪಲ್ಲ. ನನ್ನೊಳಗಿದ್ದದ್ದು ಬರೀ ಸಾಸಿವೆ, ಅದೂ ಒಗ್ಗರಣೆಯ ಡಬ್ಬಿಯದು.

ನಾನು ಹುಟ್ಟಿದ್ದು ಬೆಟಗೇರಿಯ ಒಂದು ಓಣಿಯಲ್ಲಿ, ಜಂಪರ್ ಹೊಲಿಯುವ ಕಸ್ತೂರಿಯ ಮಷಿನ್ನಿನ ಮೇಲೆ. ಅಸ್ತರಕ್ಕೆಂದು ತಂದು ಮಿಕ್ಕಿದ್ದ ಬಿಳಿ ಮೆತ್ತನೆ ಬಟ್ಟೆಯನ್ನು ಅವಳು ಎರಡು ಗುಂಡು ತುಂಡು ಮಾಡಿದಳು. ಒಂದಕ್ಕೆ ಟಕ್ಸ್ ಮಡಿಕೆ ಹಿಡಿದು ಉಬ್ಬು ಬರಿಸಿದಳು. ಎರಡನ್ನೂ ಜೋಡಿಸಿ ಹೊಲಿದು, ಬಾಯಿಗೆ ಸಣ್ಣ ಲಾಡಿ ಇಟ್ಟಳು. ಮಧ್ಯಾಹ್ನವಾಗಿದ್ದರೂ ಬಾಗಿಲ ಚಿಲಕ ಹಾಕಿಕೊಂಡಿದ್ದಳು. ಊರಿನ ಅರ್ಧ ಹೆಂಗಸರ ಎದೆಯಳತೆ ಬಾಯಿಪಾಠವಿದ್ದವಳು ತನ್ನ ಸಲುವಾಗಿ ಏನೋ ಹೊಲಿಯಲು ಕದ ಮುಚ್ಚಬೇಕಾಯಿತಲ್ಲ ಎಂದು ನನಗೆ ಆಗಲೇ ಸೋಜಿಗ ಅನಿಸಿತ್ತು.

ಕಾರಣ ಆಮೇಲೆ ತಿಳಿಯಿತು. ಎರಡು ವರ್ಷದ ಹಿಂದೆ ಅವಳ ಎಡ ಮೊಲೆಯಲ್ಲಿ ಗಡ್ಡೆ ಕಾಣಿಸಿಕೊಂಡಿತ್ತು. ಕ್ಯಾನ್ಸರ್. ಮೊಲೆಯನ್ನು ತೆಗೆದು, ಅದೇ ಜಾಗದಲ್ಲಿ ಚರ್ಮದ ಕೆಳಗೆ ಸಿಲಿಕಾನ್ ಇಂಪ್ಲಾಂಟ್ ಇಟ್ಟಿದ್ದರು. ವರ್ಷ ತುಂಬುವುದರೊಳಗೆ ಅದರ ಮೇಲಿನ ಚರ್ಮ ಬಿಗಿದು, ಕೆಂಪಾಗಿ, ಹೊಳೆಯತೊಡಗಿತು. ಕೊನೆಗೆ ಹಳೆಯ ಗಾಯದ ಗೆರೆ ಬಾಯಿಬಿಟ್ಟು ನೀರು ಒಸರಿತು. ಇಂಪ್ಲಾಂಟನ್ನು ಹೊರಗೆ ತೆಗೆಯದೆ ದಾರಿಯಿರಲಿಲ್ಲ. ಅಂದಿನಿಂದ ಎಡಗಡೆ ಬರೀ ಪಕ್ಕೆಲುಬು, ಅದರ ಮೇಲೊಂದು ಗೆರೆ.

ಈಗ ಹುಬ್ಬಳ್ಳಿಯಲ್ಲಿ ಬೇರೆ ಡಾಕ್ಟರು, ವೀಣಾ ತಾವರಗೇರಿ ಎಂಬವರು, ಇನ್ನೊಮ್ಮೆ ಇಂಪ್ಲಾಂಟ್ ಇಡಲು ಒಪ್ಪಿದ್ದರು. ಎಷ್ಟು ದೊಡ್ಡದು ಇಡಬೇಕು ಎಂಬುದೇ ಪ್ರಶ್ನೆ. "ಒಂದು ಬಟ್ಟಿ ಚೀಲದಾಗ ಅಕ್ಕಿ ತುಂಬ್ರಿ, ಒಳಗ ಇಟ್ಕೊಂಡು ಮೂರು ವಾರ ಓಡಾಡ್ರಿ. ಕಣ್ಣಿಗೂ ಮನಸ್ಸಿಗೂ ರೂಢಿ ಆಗ್ಲಿ," ಎಂದು ಹೇಳಿ, ಗೆರೆ ಹಾಕಿದ ಔಷಧಿ ಲೋಟವೊಂದನ್ನು ಕೊಟ್ಟು, ನೂರೆಂಬತ್ತು ಎಂಎಲ್ ಗೆರೆಗೆ ಪೆನ್ನಿನಿಂದ ಗುರುತು ಹಾಕಿದ್ದರಂತೆ.

ಅಕ್ಕಿ ತುಂಬಿ ನೋಡಿದಳು, ಚುಚ್ಚಿತು. ಸಾಸಿವೆ ತುಂಬಿದಾಗ ನಾನು ಹಿಡಿದ ಕಡೆ ಬಾಗಿದೆ, ಇಟ್ಟ ಕಡೆ ಕೂತೆ. ಲೋಟದ ಗುರುತಿಗೆ ಸರಿಯಾಗಿ ಅಳೆದು ಸುರಿದಳು. ಲಾಡಿ ಕಟ್ಟಲು ಹೋಗಿ ತಡೆದಳು. ಡಬ್ಬಿಗೆ ಕೈಹಾಕಿ ಇನ್ನೊಂದು ಹಿಡಿ ಸಾಸಿವೆ ತುಂಬಿದಳು. ಆಮೇಲೆ ಕಟ್ಟಿದಳು.

ಅದು ಅವಳ ಕಸುಬಿನ ಬುದ್ಧಿ. ಜಂಪರ್ ಹೊಲಿಯುವವರು ಯಾವತ್ತೂ ಅಳತೆಗಿಂತ ಅರ್ಧ ಇಂಚು ಹೆಚ್ಚು ಬಟ್ಟೆಯನ್ನು ಹೊಲಿಗೆಯ ಒಳಗೆ ಬಿಡುತ್ತಾರೆ. ದೊಡ್ಡದಾದರೆ ಹಿಡಿಯಬಹುದು, ಸಣ್ಣದಾದರೆ ಏನು ಮಾಡುವುದು? ಇಪ್ಪತ್ತಾರು ವರ್ಷ ಈ ಮಾತು ಅವಳ ಅನ್ನ ಹುಟ್ಟಿಸಿತ್ತು. ಹಾಗಾಗಿ ಅದು ಸುಳ್ಳಾಗಬಹುದು ಎಂಬ ಅನುಮಾನವೇ ಅವಳಿಗೆ ಬರಲಿಲ್ಲ.

ಅಂದಿನಿಂದ ನನ್ನ ವಾಸ ಅವಳ ಎದೆಯಲ್ಲಿ. ಬೆವರು, ಸೆಕೆ, ಮಷಿನ್ನಿನ ಅದುರು, ಎಲ್ಲಕ್ಕೂ ನಾನು ಪಾಲುದಾರ. ಅವಳ ಚರ್ಮಕ್ಕೆ ಅಲ್ಲಿ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ನಾನು ಜಾರಿ ಕೆಳಗಿಳಿದರೂ ಅವಳಿಗೆ ಗೊತ್ತಾಗುತ್ತಿದ್ದದ್ದು ಕನ್ನಡಿ ನೋಡಿದಾಗಲೇ. ನನಗೆ ಮಾತ್ರ ಆ ಚರ್ಮದ ತೆಳುವು ಚೆನ್ನಾಗಿ ತಿಳಿಯುತ್ತಿತ್ತು. ಹಳೆಯ ರೇಷ್ಮೆ ಸೀರೆ ಮಡಿಕೆಯಲ್ಲಿ ಸವೆದಿರುತ್ತದಲ್ಲ, ಹಾಗೆ.

ಗಿರಾಕಿಗಳು ಬರುತ್ತಿದ್ದರು. ಬಂದವರು ಮೊದಲು ಅವಳ ಮುಖ ನೋಡುತ್ತಿರಲಿಲ್ಲ, ಎದೆ ನೋಡುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಹೊಲಿಯುವವಳು ತೊಟ್ಟ ಜಂಪರೇ ಅವಳ ಅಂಗಡಿಯ ಬೋರ್ಡು. ಹೇಗೆ ಕೂತಿದೆ, ಎಲ್ಲಿ ಸುಕ್ಕು ಬಿದ್ದಿದೆ ಎಂದು ಕಣ್ಣು ತಾನಾಗಿಯೇ ಹೋಗುತ್ತದೆ. ಕಸ್ತೂರಿಗೆ ಅದು ಗೊತ್ತು. ಗೊತ್ತಿದ್ದೇ ಅವಳು ಸೆರಗು ಎಡಕ್ಕೆ ಎಳೆದುಕೊಳ್ಳುತ್ತಿದ್ದಳು. ಅವಳ ಬಲಗಡೆ ತುಂಬು ಮೈ. ಅದರ ಪಕ್ಕ ನೂರೆಂಬತ್ತು ಎಂದರೆ ಕುಂಬಳಕಾಯಿಯ ಪಕ್ಕ ನಿಂಬೆಹಣ್ಣು ಎಂದು ಒಬ್ಬಳೇ ಗೊಣಗುತ್ತಿದ್ದಳು. ಯಾರಾದರೂ ಒಂದು ಕ್ಷಣ ಹೆಚ್ಚು ನೋಡಿದರೆಂದು ಅನಿಸಿದ ದಿನ, ಅವರು ಹೋದ ಮೇಲೆ ನನ್ನ ಲಾಡಿ ಬಿಚ್ಚಿ ಇನ್ನೊಂದಿಷ್ಟು ತುಂಬುತ್ತಿದ್ದಳು. ನಾನು ಹೊಟ್ಟೆಬಾಕಿಯಂತೆ ಉಬ್ಬುತ್ತ ಹೋದೆ. ತಿನ್ನುವ ಆಸೆ ನನ್ನದಾಗಿರಲಿಲ್ಲ.

ಒಂದು ದಿನ ನೀಲಮ್ಮ ಎಂಬ ಗಿರಾಕಿ ತವರಿನಿಂದ ಬಂದ ಹಳೆಯ ಖಣದ ಬಟ್ಟೆ ತಂದಳು. ಇದ್ದದ್ದೇ ಒಂದು ತುಂಡು, ಅವಳಿಗೆ ಮೊಣಕೈವರೆಗೆ ತೋಳು ಬೇಕು.

"ಬಟ್ಟಿ ಸಾಲೂದಿಲ್ರೀ ನೀಲಮ್ಮಾರ. ಎಳದು ಕೂಡಿಸಿ ಹೊಲದ್ರ ಹೊಲಿಗಿ ಹತ್ರ ಹರಕೊಂಡು ಹೋಗತೈತಿ. ಹಳೀ ಬಟ್ಟಿ ಇದು. ಹಾಸಿಗಿ ಇದ್ದಷ್ಟು ಕಾಲು ಚಾಚಬೇಕು," ಎಂದಳು ಕಸ್ತೂರಿ.

ನನಗೆ ಉರಿದುಹೋಯಿತು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ! ಬಾಯಿ ಇದ್ದಿದ್ದರೆ ಅಲ್ಲಿಯೇ ಕೇಳುತ್ತಿದ್ದೆ: ಆ ಬುದ್ಧಿ ನಿನ್ನ ಮೈಗೆ ಯಾಕಿಲ್ಲ ತಾಯಿ?

ಅವಳ ಗಂಡ ವಿರೂಪಾಕ್ಷಪ್ಪ ಗದಗಿನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವನು. ಒಳ್ಳೆಯ ಮನುಷ್ಯ, ಆದರೆ ಊಟಕ್ಕೆ ಕೂತರೆ ದಿನಾ ಒಂದೇ ರಾಗ. "ಆ ಮೊದಲಿನ ಡಾಕ್ಟರ ಹೊಟ್ಟೀಗೆ ಏನ್ ತಿಂತಿದ್ನೋ ಏನೋ. ಅಳತಿ ನೋಡದ ಇಟ್ಟು ನನ್ನ ಹೆಂಡ್ತಿ ಮೈ ಹಾಳ ಮಾಡಿದ. ಅವನ ಮ್ಯಾಲ ಕಂಪ್ಲೇಂಟ್ ಕೊಡೂದ ಸೈ. ನಮ್ಮ ಪ್ರೆಸ್ಸಿಗಿ ಬರೂ ವಕೀಲರ ಕೂಡ ಮಾತಾಡೀನಿ."

ಅವನು ಹೀಗೆ ಅಂದಾಗಲೆಲ್ಲ ನನ್ನ ಬೆನ್ನಿಗೆ ಅವಳ ಎದೆ ಹೊಡೆದುಕೊಳ್ಳುವುದು ಜೋರಾಗುತ್ತಿತ್ತು. ಅವಳು ಸುಮ್ಮನೆ ರೊಟ್ಟಿ ಮುರಿಯುತ್ತಿದ್ದಳು. ಹೆದರಿಕೆ ಇರಬೇಕು ಎಂದುಕೊಂಡೆ. ಅದು ಹೆದರಿಕೆಯಷ್ಟೇ ಅಲ್ಲ ಎಂದು ನನಗೆ ಹುಬ್ಬಳ್ಳಿಯಲ್ಲಿ ತಿಳಿಯಿತು.

ಮೂರು ವಾರ ಕಳೆದು ಗಂಡ ಹೆಂಡತಿ ಇಬ್ಬರೂ ಡಾಕ್ಟರ ಹತ್ತಿರ ಹೋದರು. ನಾನು ಇದ್ದಲ್ಲಿಯೇ ಇದ್ದೆ.

"ಹೆಂಗ ಅನಸ್ತು ಕಸ್ತೂರಿಯವರ?" ಎಂದರು ಡಾಕ್ಟರು.

"ಭಾಳ ಚಲೋ ಅನಸ್ತ್ರೀ ಮೇಡಂ. ಇದ ಸೈಜ್ ಇರ್ಲಿ."

"ಕೊಡ್ರಿ ನೋಡೂಣು."

ಪರದೆಯ ಹಿಂದೆ ಹೋಗಿ ನನ್ನನ್ನು ತೆಗೆದು ಕೊಟ್ಟಳು. ಡಾಕ್ಟರು ಅಂಗೈಯಲ್ಲಿ ತೂಗಿ ನೋಡಿದರು, ಹುಬ್ಬು ಗಂಟಿಕ್ಕಿದರು. ಮೇಜಿನ ಮೇಲೆ ಗಾಜಿನ ಅಳತೆ ಜಾಡಿ ಇಟ್ಟು, ಲಾಡಿ ಬಿಚ್ಚಿ ನನ್ನನ್ನು ಬೋರಲು ಹಾಕಿದರು. ಸಾಸಿವೆ ಸರಸರನೆ ಇಳಿಯಿತು. ನೂರೆಂಬತ್ತು ದಾಟಿತು, ಇನ್ನೂರೈವತ್ತು ದಾಟಿತು. ಮುನ್ನೂರಹತ್ತಕ್ಕೆ ನಿಂತಿತು. ಬರಿದಾಗಿ ಮೇಜಿನ ಮೇಲೆ ಬಿದ್ದಿದ್ದ ನನಗೆ ನಾಚಿಕೆಯಾಯಿತು, ಕದ್ದವಳು ನಾನೇ ಎಂಬಂತೆ.

"ನಾ ಹೇಳಿದ್ದು ನೂರೆಂಬತ್ತು."

"ಒಂದೀಟ ಒಳಗ ಬಿಡೂದು ನಮ್ಮ ಪದ್ಧತಿರೀ," ಎಂದಳು ಕಸ್ತೂರಿ. ನಗಲು ನೋಡಿದಳು, ಆಗಲಿಲ್ಲ.

"ಜಂಪರಿಗೆ ಬಿಡ್ರಿ. ಚರ್ಮಕ್ಕ ಬಿಡಾಕ ಬರೂದಿಲ್ಲ. ದೊಡ್ಡದಿಟ್ರ ಅದು ಒಳಗಿಂದ ದಿನಾ ದೂಡತೈತಿ. ಮೊದಲನೇ ಸಲ ಆಗಿದ್ದೂ ಇದ."

ವಿರೂಪಾಕ್ಷಪ್ಪ ಕುರ್ಚಿಯಿಂದ ಅರ್ಧ ಎದ್ದ. "ಅದನ್ನ ನಾನೂ ಹೇಳಾಕತ್ತೀನ್ರೀ ಮೇಡಂ! ಆ ಡಾಕ್ಟರ ಅಳತಿ ತಪ್ಪಿಸಿ..."

"ಅವರು ತಪ್ಪಿಸಿಲ್ಲ," ಎಂದಳು ಕಸ್ತೂರಿ.

ವಿರೂಪಾಕ್ಷಪ್ಪ ಮತ್ತೆ ಕುರ್ಚಿಯಲ್ಲಿ ಕೂತ.

"ಅವರು ಸಣ್ಣದ ಇಡ್ತೀನಿ ಅಂದಿದ್ರು. ನಾನ ಬ್ಯಾಡ ಅಂದೆ. ಎರಡ ಸೈಜ್ ದೊಡ್ಡದಿಡ್ರಿ, ಮುಂದ ಸಡ್ಲ ಆದ್ರ ನೋಡಕೊಂಡ್ರಾತು ಅಂತ ಕೈ ಮುಗದು ಕೇಳಿದ್ನಿ. ನೀವು ಔಷಧಿ ತರಾಕ ಕೆಳಗ ಹೋಗಿದ್ರಿ. ಸಹಿ ನಾನ ಮಾಡೀನಿ." ಅವಳು ಗಂಡನ ಕಡೆ ನೋಡಲಿಲ್ಲ, ಜಾಡಿಯನ್ನೇ ನೋಡುತ್ತಿದ್ದಳು. "ವರ್ಷದಿಂದ ನೀವು ಅವರಿಗೆ ಬೈತೀರಿ. ಆ ಬೈಗಳೆಲ್ಲ ನನಗ ಹತ್ತತಾವು."

ಡಾಕ್ಟರು ಜಾಡಿಯನ್ನು ಪಕ್ಕಕ್ಕೆ ಸರಿಸಿದರು. "ಕೇಳಿದವರು ನೀವ ಖರೆ, ಆದ್ರ ಒಪ್ಪಿದ ಡಾಕ್ಟರೂ ಅದಾರ. ಭಾರ ಎಲ್ಲಾ ನೀವೊಬ್ರ ಹೊರಬ್ಯಾಡ್ರಿ. ಈಗಿನ ಮಾತು ಕೇಳ್ರಿ. ನೂರೆಂಬತ್ತು ಇಟ್ರ ನಿಮ್ಮ ಚರ್ಮ ತಾಳತೈತಿ ಅಂತ ನನಗ ಧೈರ್ಯ ಐತಿ. ಇನ್ನೂರಿಪ್ಪತ್ತು ಇಟ್ರ ಹಿಡಸತೈತಿ. ಹಿಡಸತೈತಿ ಅಂತಷ್ಟ ಹೇಳ್ತೀನಿ, ತಾಳತೈತಿ ಅಂತ ಹೇಳೂದಿಲ್ಲ. ಅದರ ಮ್ಯಾಲ ನಾ ಇಡೂದಿಲ್ಲ. ಇನ್ನೊಮ್ಮೆ ಗಾಯ ಬಾಯಿಬಿಟ್ರ ಮತ್ತ ಅಲ್ಲಿ ಏನೂ ಇಡಾಕ ಬರೂದಿಲ್ಲ. ಬೇಕಂದ್ರ ಬಲಗಡೀದನ್ನ ಸಣ್ಣ ಮಾಡಿ ಸರಿ ಹೊಂದಸಬಹುದು."

"ಚಲೋ ಇದ್ದದ್ದಕ್ಕ ಕತ್ತರಿ ಬ್ಯಾಡ್ರಿ," ಎಂದಳು ತಟ್ಟನೆ.

"ಹಂಗಾರ ಎರಡರಾಗ ಒಂದು. ಮುಂದಿನ ಸೋಮವಾರದೊಳಗ ಹೇಳ್ರಿ."

ಮರಳುವಾಗ ಬಸ್ಸಿನಲ್ಲಿ ವಿರೂಪಾಕ್ಷಪ್ಪ ಕಿಟಕಿಯಾಚೆ ನೋಡುತ್ತ ಕೂತಿದ್ದ. ನಾನು ಅವಳ ಚೀಲದಲ್ಲಿದ್ದೆ, ಬರೀ ಬಟ್ಟೆಯಾಗಿ. ಅಣ್ಣಿಗೇರಿ ದಾಟಿದ ಮೇಲೆ ಅವನು ಒಂದೇ ಮಾತು ಆಡಿದ. "ನನಗರ ಹೇಳಬೇಕಿತ್ತು."

"ಹೇಳಿದ್ರ ನೀವು ಯಾರಿಗಿ ಬೈತಿದ್ರಿ?" ಎಂದಳು ಅವಳು. ಆಮೇಲೆ ವಕೀಲರ ಹೆಸರು ಆ ಮನೆಯಲ್ಲಿ ಕೇಳಲಿಲ್ಲ.

ಆ ವಾರ ನನ್ನನ್ನು ಎಷ್ಟು ಸಲ ತುಂಬಿ ಬರಿದು ಮಾಡಿದಳೋ ಲೆಕ್ಕವಿಲ್ಲ. ಬೆಳಿಗ್ಗೆ ಇನ್ನೂರಿಪ್ಪತ್ತು, ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿ ನಿಟ್ಟುಸಿರು. ಮಧ್ಯಾಹ್ನ ನೂರೆಂಬತ್ತು, ನೋಡಿ ಕಣ್ಣೀರು. ನಲವತ್ತು ಎಂಎಲ್ ಎಂದರೆ ಎಷ್ಟು ಗೊತ್ತೇ? ಚಹಾದ ಸಣ್ಣ ಕಪ್ಪಿನ ಅರ್ಧ. ಅಷ್ಟಕ್ಕಾಗಿ ಒಬ್ಬ ಹೆಂಗಸು ಏಳು ದಿನ ಉಣ್ಣದೆ ನಿದ್ದೆಯಿಲ್ಲದೆ ಕೂತಿದ್ದನ್ನು ನಾನು ಕಂಡಿದ್ದೇನೆ. ಹೊರಗಿನವರಿಗೆ ಇದು ಹುಚ್ಚು. ಅವಳಿಗೆ ಮಾತ್ರ ಆ ಅರ್ಧ ಕಪ್ಪಿನಲ್ಲಿ ಕ್ಯಾನ್ಸರ್ ಬರುವುದಕ್ಕೆ ಮೊದಲಿನ ಕಸ್ತೂರಿ ಇದ್ದಳು.

ಭಾನುವಾರ ನೀಲಮ್ಮನ ಖಣ ಕತ್ತರಿಸಲು ಕೂತಳು. ಹಳೆಯ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅವಳದೊಂದು ಕ್ರಮ. ಬಟ್ಟೆಯನ್ನು ಬೆಳಕಿಗೆ ಹಿಡಿದು, ಎರಡು ಬೆರಳಲ್ಲಿ ಚಿವುಟಿ ಎಳೆದು, ನೂಲು ಬಿಡುತ್ತದೋ ಹಿಡಿಯುತ್ತದೋ ನೋಡುವಳು. ಖಣ ಚಿವುಟಿ ನೋಡಿದಳು, ಕೆಳಗಿಟ್ಟಳು. ಎದ್ದು ಬಾಗಿಲು ಹಾಕಿ, ಕಿಟಕಿಯ ಬೆಳಕಿಗೆ ನಿಂತು, ನನ್ನನ್ನು ಪಕ್ಕಕ್ಕಿಟ್ಟು, ಎದೆಯ ಚರ್ಮವನ್ನು ಅದೇ ಎರಡು ಬೆರಳಲ್ಲಿ ಚಿವುಟಿ ಹಿಡಿದಳು. ಮೈ ಎಂದು ಹಿಡಿಯಲಿಲ್ಲ, ಬಟ್ಟೆ ಎಂದು ಹಿಡಿದಳು. ನಾಲ್ಕು ವಾರದಿಂದ ನಾನು ತಿಳಿದದ್ದು ಅವಳ ಬೆರಳಿಗೆ ಅಂದು ತಿಳಿಯಿತು.

"ಇದು ಎಳದ್ರ ತಾಳೂದಲ್ಲ," ಎಂದಳು. ಫೋನ್ ತೆಗೆದು ಡಾಕ್ಟರಿಗೆ ನೂರೆಂಬತ್ತು ಎಂದು ಹೇಳಿದಳು. ಹೇಳಿ ಮಷಿನ್ನಿನ ಮೇಲೆ ತಲೆಯಿಟ್ಟು ಅತ್ತಳು.

ಆಪರೇಶನ್ನಿಗೆ ನನ್ನನ್ನು ಒಯ್ಯಲಿಲ್ಲ. ಕಪಾಟಿನಲ್ಲಿ ಕೂತು ನಾನು ದಿನ ಎಣಿಸಿದೆ. ಎಂಟನೆಯ ದಿನ ಅವಳು ಬಂದಳು, ಗಾಯದ ನೀರು ಇಳಿಯಲು ಪಕ್ಕಕ್ಕೆ ರಬ್ಬರಿನ ನಳಿಕೆ ಹಚ್ಚಿಕೊಂಡು, ಗೋಡೆ ಹಿಡಿದುಕೊಂಡು. ಗಾಯ ಒಣಗಲು ತಿಂಗಳು ಹಿಡಿಯಿತು. ಪ್ರತಿ ಬೆಳಿಗ್ಗೆ ವಿರೂಪಾಕ್ಷಪ್ಪ ಕನ್ನಡಕ ಹಾಕಿಕೊಂಡು ಅಚ್ಚಿನ ಪ್ರೂಫ್ ನೋಡುವಂತೆ ಆ ಗೆರೆಯನ್ನು ನೋಡುತ್ತಿದ್ದ. ಕೆಂಪಾಗಿದೆಯೇ, ನೀರಿದೆಯೇ? ಇಲ್ಲ ಎಂದಾಗ ಇಬ್ಬರೂ ಉಸಿರು ಬಿಡುತ್ತಿದ್ದರು. ಮೂರು ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗಿ ತೋರಿಸಿಕೊಳ್ಳುವುದು ಈಗಲೂ ತಪ್ಪಿಲ್ಲ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಾಣುತ್ತದೆ. ನೋಡಿದವರಿಗೆ ಗೊತ್ತಾಗುತ್ತದೆ.

ನನಗೂ ವಯಸ್ಸಾಯಿತು. ಬಟ್ಟೆ ಹಳದಿಗಟ್ಟಿದೆ, ಲಾಡಿ ಕಿತ್ತು ಬಾಯಿ ಹೊಲಿದುಬಿಟ್ಟಿದ್ದಾಳೆ. ಮಷಿನ್ನಿನ ಬಲಕ್ಕೆ ಕೂತು ಗುಂಡುಪಿನ್ನು ಚುಚ್ಚಿಸಿಕೊಳ್ಳುವುದು ನನ್ನ ಈಗಿನ ಕೆಲಸ. ಪಿನ್ನಿಗೆ ತುಕ್ಕು ಹಿಡಿಯದಂತೆ ನನ್ನೊಳಗಿನ ಸಾಸಿವೆಯ ಎಣ್ಣೆ ಕಾಯುತ್ತದಂತೆ. ಎದೆಯಲ್ಲಿದ್ದವಳಿಗೆ ಈ ಜಾಗ ಸಣ್ಣದು ಎಂದು ಮೊದಮೊದಲು ಅನಿಸಿದ್ದುಂಟು.

ಹೋದ ವಾರ ಕಸ್ತೂರಿ ತನಗೊಂದು ಹೊಸ ಜಂಪರ್ ಹೊಲಿದುಕೊಳ್ಳಲು ಬಟ್ಟೆ ಹಾಸಿದಳು. ತನ್ನ ಎದೆಯ ಅಳತೆಯನ್ನು ತಾನೇ ತೆಗೆದುಕೊಳ್ಳಲು ಆಗುವುದಿಲ್ಲ. ಕೈ ಎತ್ತಿದರೆ ಮೈ ಬದಲಾಗುತ್ತದೆ. ಇಷ್ಟು ದಿನ ಹಳೆಯ ಜಂಪರ್ ಇಟ್ಟು ಕತ್ತರಿಸುತ್ತಿದ್ದಳು. ಅಂದು ಗಂಡನನ್ನು ಕರೆದು ಟೇಪು ಕೈಗಿತ್ತಳು. ಎದೆಯ ನಡುವಿನಿಂದ ಬಗಲವರೆಗೆ ಬಲಗಡೆ ಹಿಡಿದು ಅವನು, "ಒಂಬತ್ತೂ ಮುಕ್ಕಾಲು," ಎಂದ. ಅವಳು ಬರೆದುಕೊಂಡಳು. ಎಡಗಡೆ ಹಿಡಿದ. ಟೇಪು ಜೋತದ್ದು ನನಗೆ ಕಾಣಿಸಿತು.

"ಎಂಟೂ ಮುಕ್ಕಾಲು," ಎಂದ.

ಅವಳು ಬರೆಯಲಿಲ್ಲ. "ಟೇಪ್ ಸಡ್ಲ ಬಿಟ್ಟೀರಿ."

"ಇಲ್ಲ ಬಿಡ, ಅಷ್ಟ ಐತಿ."

"ಬಿಗಿ ಹಿಡದು ಇದ್ದಷ್ಟ ಹೇಳ್ರಿ. ನನಗ ನೋವಾಗೂದಿಲ್ಲ."

ಅವನು ಟೇಪು ಸರಿಪಡಿಸಿದ. "ಎಂಟೂ ಕಾಲು."

"ಎಂಟೂ ಕಾಲು," ಎಂದು ಅವಳು ಗಟ್ಟಿಯಾಗಿ ಹೇಳಿ ಬರೆದುಕೊಂಡಳು. ಚಾಕ್‌ಪೀಸಿನಿಂದ ಬಟ್ಟೆಯ ಮೇಲೆ ಬಲಕ್ಕೆ ಬೇರೆ, ಎಡಕ್ಕೆ ಬೇರೆ ಗೆರೆ ಎಳೆದಳು. ಅವನು ಅಲ್ಲಿಯೇ ನಿಂತು ನೋಡುತ್ತಿದ್ದ.

"ಎಡಕ್ಕ ಒಂದೀಟ ಒಳಗ ಬಿಡೂದಿಲ್ಲೇನು?" ಎಂದು ಕೇಳಿದ.

"ಇಲ್ರಿ," ಎಂದಳು ಕಸ್ತೂರಿ, ಕತ್ತರಿ ಹಾಕುತ್ತ. "ನಾ ಈಗ ಇರೂದ ಇಷ್ಟು."