ಜಾಹೀರಾತಿನ ಸಂಬಳ

"ಅಯ್ಯೋ ಅಕ್ಕಾ, ಮತ್ತೆ ಅದನ್ನೇ ಹೇಳಿದ್ರಲ್ಲ!"

ಕ್ಯಾಮೆರಾದವನು ಹಣೆ ಚಚ್ಚಿಕೊಂಡ. ಇದು ಒಂಬತ್ತನೇ ಸಲ. ಗಾರ್ಮೆಂಟ್ಸ್ ಕಂಪನಿಯ ಜಾಹೀರಾತಿಗೆ ಬೇಕಿದ್ದದ್ದು ಒಂದೇ ಮಾತು: "ಇಲ್ಲಿ ಹೊಲಿಯೋರಿಗೆ ತಿಂಗಳಿಗೆ ಮೂವತ್ತು ಸಾವಿರ." ಕಾಲರ್ ಹೊಲಿಯುವ ಅಕ್ಕ ಅಷ್ಟನ್ನೂ ನಗುನಗುತ್ತಾ ಹೇಳಿ, ಕೊನೆಗೆ "ಓವರ್‌ಟೈಮ್ ಸೇರಿಸಿ" ಎಂದು ಬಾಲ ಅಂಟಿಸುತ್ತಿದ್ದಳು.

ಅವಳನ್ನು ಆರಿಸಿದವನು ಸೂಪರ್‌ವೈಸರ್. ಮುಖದಲ್ಲಿ ಕಳೆಯಿದೆ, ದನಿ ಖಣಿಲ್ ಅನ್ನುತ್ತದೆ ಎಂದು ತಾನೇ ಮುಂದೆ ನಿಂತು ಹೇಳಿದ್ದ. ಇವತ್ತೇ ಕೆಲಸ ಮುಗಿಸಿಕೊಟ್ಟರೆ ಮ್ಯಾನೇಜರ್ ಹುದ್ದೆ ಅವನಿಗೇ ಎಂದು ಸಾಹೇಬರು ಮಾತು ಕೊಟ್ಟಿದ್ದರು. ಹದಿನೆಂಟು ವರ್ಷ ಕಾದದ್ದು ಈ ಒಂದು ಬಾಲದಿಂದ ಕೈಬಿಟ್ಟು ಹೋಗುವ ಹಾಗಿತ್ತು.

ದಾರದ ಕಪಾಟಿನ ಪಕ್ಕಕ್ಕೆ ಅವಳನ್ನು ಕರೆದ. "ಬೇಕಂತಲೇ ಮಾಡ್ತಿದ್ದೀಯೇನಮ್ಮಾ?"

"ಬರೀ ಸಂಬಳ ಹತ್ತೊಂಬತ್ತು ಸರ್. ಮಿಕ್ಕಿದ್ದಕ್ಕೆ ಭಾನುವಾರಾನೂ ಬೆನ್ನು ಬಗ್ಗಿಸ್ಬೇಕು. ಇದನ್ನ ನೋಡಿ ನನ್ನ ನಾದಿನಿ ಇರೋ ಕೆಲಸ ಬಿಟ್ಟು ಬಂದ್ರೆ, ಆಮೇಲೆ ಅವಳಿಗೆ ಹೇಗೆ ಮುಖ ತೋರಿಸ್ಲಿ?"

"ಒಂದು ಮಾತು ಬಿಟ್ರೆ ಯಾರು ಗಮನಿಸ್ತಾರೆ?"

"ಕಾಲರ್ ಒಳಗಿನ ಹೊಲಿಗೇನೂ ಯಾರೂ ಗಮನಿಸಲ್ಲ ಸರ್. ಆದ್ರೂ ಸೊಟ್ಟಗಿದ್ರೆ ನೀವು ಬಿಚ್ಚಿಸ್ತೀರಲ್ಲ."

ಅವಳು ಕೆಲಸಕ್ಕೆ ಸೇರಿದ ವಾರವೇ ಅವನು ಇಡೀ ದಿನದ ಕಾಲರ್‌ಗಳನ್ನು ಬಿಚ್ಚಿಸಿದ್ದ. ಅಂದು ಮೂಗು ಒರೆಸಿಕೊಳ್ಳುತ್ತಾ ಮತ್ತೆ ಹೊಲಿದವಳ ಕೆಲಸದಲ್ಲಿ ಅವನು ಇವತ್ತಿನವರೆಗೂ ತಪ್ಪು ಕಂಡಿರಲಿಲ್ಲ. ಅವಳ ಮೇಲೆ ಅವನಿಗೆ ಕೆಂಡದಂಥ ಕೋಪ ಬಂತು. ಎಷ್ಟು ಗಟ್ಟಿ ಹೆಂಗಸು ಎಂಬ ಹೆಮ್ಮೆಯೂ ಅದರ ಜೊತೆಗೇ ಬಂತು.

"ಹೊತ್ತಾಯ್ತು ಸರ್, ನೀವೇ ಹೇಳ್ಬಿಡಿ," ಎಂದ ಕ್ಯಾಮೆರಾದವನು. "ನೀವು ಹೇಳಿದ್ರೆ ಇನ್ನೂ ತೂಕ."

ಸೂಪರ್‌ವೈಸರ್ ದೀಪದ ಎದುರು ನಿಂತ. ಅರವತ್ತು ಮೆಷಿನ್‌ಗಳು ಸದ್ದಿಲ್ಲದೆ ನಿಂತಿದ್ದವು. ಅರವತ್ತು ಹೆಂಗಸರು ಅವನ ಬಾಯನ್ನೇ ನೋಡುತ್ತಿದ್ದರು. ಅವನು ಗಂಟಲು ಸರಿಮಾಡಿಕೊಂಡ.

"ಇಲ್ಲಿ ಹೊಲಿಯೋರಿಗೆ ತಿಂಗಳಿಗೆ ಹತ್ತೊಂಬತ್ತು ಸಾವಿರ."

ಕ್ಯಾಮೆರಾದವನು ಅವನನ್ನೇ ದಿಟ್ಟಿಸಿದ. ಇನ್ನೊಂದು ಸಲ ಎನ್ನಲಿಲ್ಲ. ಒಂದೊಂದೇ ದೀಪ ಆರಿಸಿ, ವೈರು ಸುತ್ತತೊಡಗಿದ.

ಸೂಪರ್‌ವೈಸರ್ ಪಕ್ಕದ ಮೆಷಿನ್‌ಗೆ ಕೈಯೂರಿ ನಿಂತ. ಅಕ್ಕ ತನ್ನ ಸ್ಟೂಲನ್ನು ಕಾಲಿನಿಂದ ಅವನತ್ತ ಸರಿಸಿದಳು.

"ಕೂತ್ಕೊಳಿ ಸರ್."

ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನು ಹೊಲಿಯುವವರ ಸಾಲಿನಲ್ಲಿ ಕೂತ.