ಮರ ಅಂದರೆ

ಮೊದಲ ಏಟು ಮೈಕಿಗೆ ಬಿತ್ತು, ಎರಡನೆಯದು ಬಸಲಿಂಗನ ಮೊಣಕಾಲಿಗೆ. "ಮರಕ್ಕ ಓಟ್ ಹಾಕ್ರಿ" ಎಂಬ ಕೂಗು ಅರ್ಧಕ್ಕೇ ತುಂಡಾಗಿ, ಅವನು ಆಟೋದಿಂದ ಪೀಣ್ಯದ ಆ ಕಿರುರಸ್ತೆಗೆ ಉರುಳಿದ. ಅಜ್ಜಿಯ ಕಥೆಗಳಲ್ಲಿ ರಾಕ್ಷಸ ಬರುವ ಮುಂಚೆ ಗಾಳಿ ನಿಲ್ಲುತ್ತಿತ್ತು. ಇಲ್ಲಿ ಶೆಡ್ಡುಗಳ ಲೇತ್ ಮೆಷಿನ್ನುಗಳು ಒಂದೊಂದಾಗಿ ನಿಂತವು. ಮಹಾನಂದಾ ತಮ್ಮನ ಮೇಲೆ ಅಡ್ಡಬಿದ್ದಳು. ಕಬ್ಬಿಣದ ಪೈಪು ಅವಳ ಬೆನ್ನಿಗೆ ಬಿತ್ತು.

ದುಡಿಯುವವರ ಪಕ್ಷ ಹುಟ್ಟಿ ಮೂರು ತಿಂಗಳು. ಯಾದಗಿರಿಯಿಂದ ಬಂದು ಹನ್ನೆರಡು ವರ್ಷ ಗಾರ್ಮೆಂಟ್ಸಿನಲ್ಲಿ ಹೊಲಿದ ಮಹಾನಂದಾ ಈ ವಾರ್ಡಿನ ಅಭ್ಯರ್ಥಿ. ಅಕ್ಕಿ ಕೇರುವ ಮರ ಯಾವ ಮನೆಯಲ್ಲಿಲ್ಲ ಎಂದು ಅದನ್ನೇ ಗುರುತಾಗಿ ಕೇಳಿ ಪಡೆದವಳೂ ಅವಳೇ. ಕರಪತ್ರ ಇನ್ನೂ ಅಚ್ಚಾಗಿರಲಿಲ್ಲ. ಇದ್ದದ್ದು ಕೂಗು ಮಾತ್ರ.

ಪೈಪು ಮತ್ತೆ ಮೇಲೆದ್ದಾಗ ನರೇಶ್ ಕೈ ಅಡ್ಡ ಇಟ್ಟ. ಇಲ್ಲಿನ ಹಳೇ ಮನೆತನದವನು, ಎದುರಾಳಿ. ಅವನ ಗುರುತು ತೆಂಗಿನಮರ.

"ಬಿಡ್ರೋ, ಸಾಕು. ಏನ್ ಕೂಗ್ತಾವ್ರೆ ಕೇಳಿಸ್ಕೊಂಡ್ರಾ? ಮರಕ್ಕೆ ಹಾಕಿ ಅಂತೆ." ನಗು ತಡೆಯಲಾರದೆ ಆಟೋಗೆ ಒರಗಿದ. "ಒಂದ್ ವಾರದಿಂದ ನಮ್ಗೇ ಕ್ಯಾನ್ವಾಸ್ ಮಾಡ್ತಾವ್ಳೆ ಕಣ್ರೋ ಈ ಅಕ್ಕ. ಹೊಸ ಮೈಕ್ ಕೊಡ್ಸು ಮಗಾ, ಕೂಗ್ಲಿ."

ಮಹಾನಂದಾಳಿಗೆ ಆಗ ಹೊಳೆಯಿತು. ಮನೆ ಗೇಟುಗಳ ಬಳಿ ಹೆಂಗಸರು ತಲೆಯಾಡಿಸಿದ್ದು, "ಮರಕ್ಕೇ ಹಾಕ್ತೀವಿ ಬಿಡಮ್ಮ" ಎಂದದ್ದು, ಎಲ್ಲ. ಅವಳ ಊರಲ್ಲಿ ತೆಂಗನ್ನು ಯಾರೂ ಮರ ಎನ್ನುವುದಿಲ್ಲ, ಗಿಡ ಎನ್ನುತ್ತಾರೆ.

ನರೇಶನ ಕಡೆಯವರು ಬೈಕು ಹತ್ತುತ್ತಿದ್ದರು.

"ಸುಮ್ನಿರ ಯಕ್ಕಾ," ಬಸಲಿಂಗ ನೆಲದಿಂದಲೇ ಪಿಸುಗುಟ್ಟಿದ. "ಹೋಗ್ಲಿ ಅವ್ರು."

ಅವಳು ಎದ್ದಳು. ಸೀಟಿನ ಹಿಂದಿದ್ದ ಮರವನ್ನು ಎಳೆದು ತಲೆಯ ಮೇಲೆ ಎತ್ತಿ ಹಿಡಿದಳು.

"ತೆಂಗಿನ ಗಿಡ ಅಲ್ರೀ," ಎಂದು ಗೇಟುಗಳತ್ತ ಕೂಗಿದಳು. "ನಮ್ಮ ಗುರ್ತು ಇದು. ಇದ್ರಾಗ ಅಕ್ಕಿ ಹಸನ ಮಾಡ್ತೀರಲ್ಲ, ಇದು."

ನರೇಶನ ನಗು ನಿಂತಿತು. ಈ ಸಲ ಪೈಪನ್ನು ಅವನೇ ತೆಗೆದುಕೊಂಡ. ಮೊದಲು ಬಿದಿರು ಸೀಳಿತು, ಆಮೇಲೆ ಅವಳ ತುಟಿ.

ಬೈಕುಗಳು ಹೋದ ಮೇಲೆ ಹೆಂಚಿನ ಮನೆಯ ಗೇಟು ತೆರೆಯಿತು. ವಾರವಿಡೀ ತಲೆಯಾಡಿಸಿದ್ದ ಸೊಣ್ಣಮ್ಮ ಅರಿಶಿನದ ಬಟ್ಟಲು ಹಿಡಿದು ಬಂದಳು. ಕಂಕುಳಲ್ಲಿ ಅವಳ ಮನೆಯದೇ ಒಂದು, ಗೌರಿಹಬ್ಬದ ಬಾಗಿನದ್ದು, ಕುಂಕುಮ ಇನ್ನೂ ಅಂಟಿದ್ದು.

"ಮೊರ ಅನ್ಬೇಕು ಕಣವ್ವ. ಮರ ಅಂದ್ರೆ ನಮ್ಗೆ ಎಂಗ್ ಗೊತ್ತಾಗ್ಬೇಕು?" ಗಾಯಕ್ಕೆ ಅರಿಶಿನ ಒತ್ತಿದಳು. "ಓಟಿಗಿನ್ನೂ ಅತ್ತು ದಿನ ಐತೆ. ಎಲ್ಲಿ, ಅನ್ನು."

ಮಹಾನಂದಾ ಬಾಯಿ ತೆರೆದಳು. ಸೀಳಿದ ತುಟಿ ದುಂಡಗಾಗಲೊಲ್ಲದು. "ಮರ," ಎಂದಳು. ತಡೆದು, ಮತ್ತೆ, "ಮರ." ಗಲ್ಲದಿಂದ ಇಳಿದ ರಕ್ತ ಸೊಣ್ಣಮ್ಮನ ಮೊರದ ಮೇಲೆ, ಹಳೆಯ ಕುಂಕುಮದ ಪಕ್ಕದಲ್ಲೇ, ತೊಟ್ಟಿಕ್ಕಿತು.