ಹತ್ತು ನಿಮಿಷದ ದೋಣಿ

ಎಂಜಿನ್ ಕೆಮ್ಮಿತು, ಇಗೋ ಈಗ ನಿಲ್ಲುತ್ತದೆ, ನಿಂತಿತು, ಇನ್ನು ನೀರು ಹಲಗೆಗೆ ತಟ್ಟುವ ಸದ್ದೊಂದೇ — ಹತ್ತು ನಿಮಿಷ, ಪ್ರತಿ ಸಲವೂ ಹತ್ತೇ ನಿಮಿಷ, ಆಮೇಲೆ ಕಾಲು ಗಂಟೆ ಸುಮ್ಮನೆ ಬಿಟ್ಟರೆ ಏನೂ ಆಗದವರಂತೆ ಹೊತ್ತಿಕೊಳ್ಳುತ್ತದೆ, ಕೆಡುವುದಾದರೆ ಪೂರಾ ಕೆಡಬೇಕಪ್ಪ, ಇದೆಂಥ ನಾಟಕ. ಹಳೆ ಪೆಟ್ರೋಲು ಬಸಿದು ಹೊಸದು ತುಂಬಿಸಿದೆ, ಫಿಲ್ಟರ್ ಬದಲಾಯಿಸಿದೆ, ಪ್ಲಗ್ಗು ಬಿಚ್ಚಿ ಉಜ್ಜಿದೆ, ಕೊಳವೆ ಊದಿ ನೋಡಿದೆ, ಬೆಳಗಿನ ಕಾಫಿಗೂ ಪೆಟ್ರೋಲಿನ ರುಚಿ. ಎದುರಿನ ಹಲಗೆಯ ಮೇಲೆ ಐಲೆರ್ಟ್, ಕಂಬಳಿ ಹೊದ್ದು, ಬಲಗೈ ತೊಡೆಯ ಮೇಲೆ ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ. ಈ ದ್ವೀಪದ ಎಂಜಿನ್‌ಗಳನ್ನೆಲ್ಲ ರಿಪೇರಿ ಮಾಡಿದವನು, ನಾನು ಮೂವತ್ತೆಂಟು ವರ್ಷ ಸ್ಪ್ಯಾನರ್ ಎತ್ತಿಕೊಟ್ಟ ಹೆಂಡತಿ, ಅಷ್ಟೆ. ಅಕ್ಟೋಬರಿನಲ್ಲಿ ಈ ದೋಣಿಯನ್ನು ದಡಕ್ಕೆ ಎಳೆದು, ಚಳಿಗಾಲಕ್ಕೆಂದು ಟಾರ್ಪಾಲು ಬಿಗಿದವನೂ ಅವನೇ, ಒಬ್ಬನೇ, ನಾನಾಗ ತಂಗಿಯ ಮನೆಯಲ್ಲಿದ್ದೆ. ಡಿಸೆಂಬರಿನಲ್ಲಿ ಅಡುಗೆಮನೆಯಲ್ಲಿ ಲಕ್ವ ಹೊಡೆದು ಬಿದ್ದ, ಕೈ ಹೋಯಿತು, ಮಾತು ಹೋಯಿತು — ಹೋಗಿಲ್ಲ, ತಪ್ಪು ಮಾತು ಬರುತ್ತದೆ, ಕಾಫಿ ಬೇಕಾದರೆ ಏಣಿ ಅನ್ನುತ್ತಾನೆ. ಒಳಗೆ ಎಷ್ಟು ಉಳಿದಿದೆ ಅಂತ ಹೇಳೋಕಾಗಲ್ಲಮ್ಮ, ಅಂದಿದ್ದಳು ಆಸ್ಪತ್ರೆಯಲ್ಲಿ ಮಾತು ಕಲಿಸುವವಳು. ಮೊನ್ನೆ ನೆರೆಮನೆಯ ಓಡ್ವಾರ್ ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತು, ಏನು ಮಾರಾಯ್ತಿ, ಹತ್ತು ನಿಮಿಷದ ದೋಣಿ ಓಡಿಸ್ತಿದ್ದೀಯಾ, ಹುಟ್ಟು ಹಾಕಿದ್ರೆ ಇಷ್ಟೊತ್ತಿಗೆ ಅಷ್ಟು ದೂರದ ಲೋಫೊಟೆನ್ ದ್ವೀಪಕ್ಕೇ ತಲುಪ್ತಿದ್ದೆ, ಅಂದ. ಆಮೇಲೆ ದನಿ ತಗ್ಗಿಸಿ, ನೋಡು ಗುನ್‌ವೊರ್, ದೋಣಿ ನಂಗೆ ಕೊಟ್ಬಿಡು, ಅವನಿನ್ನು ಕಡಲಿಗೆ ಇಳಿಯೋ ಹಾಗಿಲ್ಲ, ನಿಂಗೆ ಎಂಜಿನ್ ಗೊತ್ತಿಲ್ಲ. ಐಲೆರ್ಟ್ ಎರಡು ಹೆಜ್ಜೆ ಆಚೆಗೆ ಕೂತಿದ್ದ. ಸತ್ತವನ ವಿಷಯ ಮಾತಾಡಿದ ಹಾಗೆ ಮಾತಾಡಿದೆವು, ಇಬ್ಬರೂ, ನಾನೂ ಹೂಂ ಅಂದೆ, ಶನಿವಾರದೊಳಗೆ ಸರಿಹೋಗದಿದ್ರೆ ತಗೊಂಡ್ಹೋಗು ಅಂದೆ, ಇವತ್ತು ಶನಿವಾರ.

ಮೂಗು, ಅಂತಾನೆ ಐಲೆರ್ಟ್. ಕರವಸ್ತ್ರ ಕೊಟ್ಟೆ, ಬಿಸಾಡಿದ. ಮೂಗು. ಒರೆಸಲು ಬಗ್ಗಿದೆ, ಎಡಗೈಯಿಂದ ನನ್ನನ್ನು ತಳ್ಳಿದ, ಮುಖ ಕೆಂಪು, ಮೂಗು, ಮೂಗು — ಆಯ್ತು ಮಾರಾಯ, ಚಳಿ, ಗೊತ್ತು, ಈ ಹಾಳಾದ್ದು ಹೊತ್ತಲಿ, ಮನೆಗೆ ಹೋಗೋಣ. ಪೆಟ್ರೋಲು ಪಂಪು ಮಾಡುವ ರಬ್ಬರ್ ಗುಂಡು ಹಿಡಿದೆ, ಚಪ್ಪಟೆಯಾಗಿದೆ, ಒಳಗಿಂದ ಯಾರೋ ಹೀರಿಕೊಂಡ ಹಾಗೆ, ಒತ್ತಿ ಬಿಟ್ಟರೂ ಉಬ್ಬುವುದಿಲ್ಲ. ತಲೆಯೆತ್ತಿದರೆ ಅವನು ಎರಡು ಬೆರಳಲ್ಲಿ ಮೂಗು ಬಿಗಿಹಿಡಿದು, ಬಾಯಿ ಮುಚ್ಚಿ, ನನ್ನನ್ನೇ ನೋಡುತ್ತಿದ್ದಾನೆ. ಬಿಡು, ಏನು ಮಾಡ್ತಿದ್ದೀಯ, ಐಲೆರ್ಟ್, ಬಿಡು. ಬಿಡುವುದಿಲ್ಲ, ಕೆನ್ನೆ ಒಳಗೆ ಹೋಗುತ್ತಿದೆ, ಈ ರಬ್ಬರಿನ ಹಾಗೇ — ಉಸಿರು. ಟ್ಯಾಂಕಿಗೆ ಉಸಿರಿಲ್ಲ. ಪೆಟ್ರೋಲು ಹೋದಷ್ಟು ಗಾಳಿ ಒಳಗೆ ಬರಬೇಕು, ಬರುತ್ತಿಲ್ಲ. ಮುಚ್ಚಳ ತಿರುಗಿಸಿದೆ, ಸುಂಯ್ ಅಂತ ಗಾಳಿ ಒಳಗೆ ನುಗ್ಗಿತು, ಅವನೂ ಮೂಗು ಬಿಟ್ಟು ಏದುಸಿರು ಬಿಡುತ್ತ ನಗುತ್ತಿದ್ದಾನೆ, ಅರ್ಧ ಬಾಯಲ್ಲಿ. ದೋಣಿಯ ಹಿಂಬದಿಗೆ ಹೊರಗಡೆ ಟ್ಯಾಂಕಿನ ಬೆರಳ ಗಾತ್ರದ ಗಾಳಿಕೊಳವೆ, ಬೋರಲು ಮಲಗಿ ಸ್ಕ್ರೂಡ್ರೈವರಿನಲ್ಲಿ ಕೆದಕಿದರೆ ಬೂದು ಉಣ್ಣೆ, ಅವನ ಹಳೆ ಕಾಲುಚೀಲದ ತುಂಡು, ಹಿಮದ ನೀರು ಇಳಿಯಬಾರದೆಂದು ಗಟ್ಟಿಯಾಗಿ ತುರುಕಿದ್ದಾನೆ, ವಸಂತಕ್ಕೆ ತಾನೇ ತೆಗೆಯುವವನಲ್ಲವೇ.

ಹೊತ್ತಿತು. ಹತ್ತು ನಿಮಿಷ, ಹದಿನೈದು, ದಡದಾಚೆಯ ಬಂಡೆ ದಾಟಿತು, ಅರ್ಧ ಗಂಟೆ, ಒಂದೇ ಸಮನೆ ಗುನುಗು. ಓಡ್ವಾರನ ಫೋನು, ಎಲ್ಲಿದ್ದೀಯ, ದೋಣಿ ಸಾಗಿಸೋ ಟ್ರೈಲರ್ ತಂದು ನಿಂತಿದ್ದೀನಿ. ವಾಪಸ್ ತಗೊಂಡ್ಹೋಗು, ದೋಣಿ ಸರಿಯಾಯ್ತು, ಅಂದೆ. ಯಾರು ಸರಿಮಾಡಿದ್ದು? ಐಲೆರ್ಟ್. ಫೋನು ಕಿಸೆಗೆ ಹಾಕಿದೆ, ಎಂಜಿನ್ ಓಡುತ್ತಿದೆ, ತಲೆ ಮಾತ್ರ ಹಿಂದಕ್ಕೆ ಹೋಗುತ್ತಿದೆ, ಐದು ತಿಂಗಳು, ಇನ್ನೇನೇನು ಹೇಳಿದ್ದ, ಯಾವುದಕ್ಕೆಲ್ಲ ನಾನು ಆಯ್ತು ಆಯ್ತು ಅಂದೆ — ಜನವರಿಯಲ್ಲಿ ಒಂದು ಮಧ್ಯಾಹ್ನ, ಕಡಲ ಕಡೆಯ ಕಿಟಕಿಯ ಹತ್ತಿರ ಊಟಕ್ಕೆ ಕೂತು, ಹೊರಗೆ ನೋಡುತ್ತ, ಉಪ್ಪು, ಅಂದ. ಡಬ್ಬಿ ತಂದು ಎದುರಿಗಿಟ್ಟೆ. ಮುಟ್ಟಲಿಲ್ಲ. ಉಪ್ಪು, ಅಂದ, ಕಿಟಕಿಯಾಚೆಗೆ ಕಡಲನ್ನೇ ನೋಡುತ್ತ, ಕಣ್ಣು ತುಂಬಿತ್ತು, ನಾನು ಉಪ್ಪಿನ ಡಬ್ಬಿಯನ್ನು ಇನ್ನಷ್ಟು ಹತ್ತಿರ ತಳ್ಳಿದೆ. ಉಪ್ಪಿನ ಡಬ್ಬಿಯನ್ನು.